ಡಿಬಗ್ಗರ್ ಮುಟ್ಟಿದರೂ ಲಾಂಗ್ ಡಬಲ್ ಕೆಡಬಾರದು: ಹತ್ತು ಬೈಟಿನ ಸಂಖ್ಯೆಗಳನ್ನು ಸರಿಯಾಗಿ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ತದಡಿಯಲ್ಲಿ ದೋಣಿ ಇಟ್ಟುಕೊಂಡಿರುವ ಗೆಳೆಯನೊಬ್ಬನಿಗಾಗಿ, ಅಘನಾಶಿನಿ ಅಳಿವೆಯ ಭರತಿ-ಇಳಿತದ ವೇಳೆಯನ್ನು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ನಾನು ಬರೆದಿದ್ದೆ. ಚಂದ್ರನಿಂದ ಏಳುವ ಮುಖ್ಯ ಅಲೆ ಗಂಟೆಗೆ ಸುಮಾರು 28.984 ಡಿಗ್ರಿ ಸಾಗುತ್ತದೆ, ಸೂರ್ಯನಿಂದ ಏಳುವುದು ಗಂಟೆಗೆ ಸರಿಯಾಗಿ 30 ಡಿಗ್ರಿ. ಇಂಥ ಹಲವು ಅಲೆಗಳನ್ನು ಕೂಡಿಸಿ, ಆರು ನಿಮಿಷಕ್ಕೊಮ್ಮೆ, ಅಂದರೆ 0.1 ಗಂಟೆಗೊಮ್ಮೆ, ನೀರಿನ ಎತ್ತರವನ್ನು ಬರೆದುಕೊಳ್ಳುತ್ತ ಹೋದರೆ ವರ್ಷಕ್ಕೆ 87,600 ಸಾಲುಗಳಾಗುತ್ತವೆ. ಆ 0.1 ಎಂಬ ಹೆಜ್ಜೆಯನ್ನು ನಾನು ಲಾಂಗ್ ಡಬಲ್ ಆಗಿ, ಅಂದರೆ ಮಾಮೂಲಿ ಎಂಟು ಬೈಟಿನ ಡಬಲ್‌ಗಿಂತ ಹೆಚ್ಚು ನಿಖರವಾದ ಹತ್ತು ಬೈಟಿನ ದಶಮಾಂಶ ಸಂಖ್ಯೆಯಾಗಿ, ಇಟ್ಟಿದ್ದೆ, ಮತ್ತು ಹಳೆಯ ಓಟದ ಫಲಿತಾಂಶದೊಡನೆ ಹೊಸದನ್ನು ಬಿಟ್ ಬಿಟ್ ಹೋಲಿಸುವ ಒಂದು ತಪಾಸಣೆಯನ್ನು ಕೊನೆಯಲ್ಲಿ ಸೇರಿಸಿದ್ದೆ. ಪ್ರೋಗ್ರಾಂ ತಾನಾಗಿ ಓಡಿದಾಗ ತಪಾಸಣೆ ಪಾಸಾಗುತ್ತಿತ್ತು. ಡಿಬಗ್ಗರಿನೊಳಗೆ, ಅಂದರೆ ಓಡುವ ಪ್ರೋಗ್ರಾಮನ್ನು ತಡೆದು ಒಳಗೆ ಇಣುಕಿ ನೋಡುವ ಸಾಧನದೊಳಗೆ, ನಿಲ್ಲಿಸಿ, ಒಂದು ಅಲೆಯ ಹೆಸರನ್ನು ತಿದ್ದಿ ಮುಂದುವರಿಸಿದರೆ ಫೇಲಾಗುತ್ತಿತ್ತು. "ಅಲ್ಲ ಮಾರಾಯ, ನೀನು ಇಣುಕಿ ನೋಡಿದ್ದಕ್ಕೇ ಲೆಕ್ಕ ತಪ್ಪಿತೋ?" ಎಂದು ಗೆಳೆಯ ನಕ್ಕ. ಅವನ ಮಾತು ನಿಜವೇ ಆಗಿತ್ತು.

ತಪ್ಪು ಬೇರೆ ಯಾರದೂ ಅಲ್ಲ. ಆ ಡಿಬಗ್ಗರ್ ನಾವು ಮೂವರು ಸೇರಿ ನಮ್ಮ ಬಳಕೆಗೆಂದು ಬರೆದುಕೊಂಡದ್ದು. ಅದು ಎಆರ್‌ಎಂ ಲ್ಯಾಪ್‌ಟಾಪಿನ ಮೇಲೆ ಓಡುತ್ತ, ಇನ್ನೊಂದು ಕೋಣೆಯ, ಬೇರೆ ಜಾತಿಯ ಪ್ರೊಸೆಸರ್ (ಇಂಟೆಲ್ ಬಗೆಯ ಎಕ್ಸ್86-64) ಇರುವ ಲಿನಕ್ಸ್ ಯಂತ್ರದಲ್ಲಿರುವ ಪ್ರೋಗ್ರಾಮನ್ನು ನಿಯಂತ್ರಿಸುತ್ತದೆ. ರಚನೆಯೊಂದರ, ಅಂದರೆ ಅಲೆಯ ಹೆಸರು ಮತ್ತು ಆ ಹೆಜ್ಜೆಯಂತೆ ಒಟ್ಟಿಗೆ ಇಟ್ಟ ಅಂಶಗಳ ಕಟ್ಟಿನ, ಒಂದು ಅಂಶವನ್ನು ತಿದ್ದಿದರೆ ಇಡೀ ರಚನೆಯನ್ನು ಓದಿ, ಪ್ರತಿಯೊಂದು ಅಂಶವನ್ನೂ ತನ್ನ ಸಂಖ್ಯೆಯಾಗಿಸಿಕೊಂಡು, ಮತ್ತೆ ಬೈಟುಗಳಾಗಿಸಿ ವಾಪಸು ಬರೆಯುತ್ತಿತ್ತು. "ತನ್ನ ಸಂಖ್ಯೆ" ಎಂದರೆ ಎಲ್ಲ ಕಡೆಯೂ ಡಬಲ್. ಕೊಳಗದ ಭತ್ತವನ್ನು ಸೇರಿಗೆ ಸುರಿದು ಪುನಃ ಕೊಳಗಕ್ಕೆ ಹಾಕಿದ ಹಾಗೆ, ನಡುವೆ ಚೆಲ್ಲಿದ್ದು ತಿರುಗಿ ಬರಲಿಲ್ಲ. ನಿಮ್ಮ ಡಿಬಗ್ಗರಿನಲ್ಲಿಯೂ ಇಂಥ ದೋಷವಿದ್ದರೆ ಅದನ್ನು ಹುಡುಕಿ ಸರಿಪಡಿಸುವ ದಾರಿಯನ್ನು, ನಾವು ಎಡವಿದ ಕಡೆಗಳನ್ನೂ ಸೇರಿಸಿ, ಕೆಳಗೆ ವಿವರಿಸಿದ್ದೇನೆ.

ಮೊದಲು ಬೈಟುಗಳನ್ನೇ ನೋಡಿ

ಪರದೆಯ ಮೇಲೆ ಕಾಣುವ ದಶಮಾನ ಸಂಖ್ಯೆಯನ್ನು ಈ ಹಂತದಲ್ಲಿ ನಂಬಬಾರದು, ಏಕೆಂದರೆ ಅನುಮಾನ ಇರುವುದೇ ಅದರ ಮೇಲೆ. ಜಿಡಿಬಿ ಎಂಬ ಪ್ರಸಿದ್ಧ ಡಿಬಗ್ಗರಿನ ಎಕ್ಸ್ ಆಜ್ಞೆಗೆ 10, ಯು, ಬಿ ಎಂಬ ಸೂಚನೆಗಳನ್ನು ಸೇರಿಸಿ ವೇರಿಯಬಲಿನ ವಿಳಾಸವನ್ನು ಕೊಟ್ಟರೆ, ಹತ್ತು ಬೈಟುಗಳು ದಶಮಾನದಲ್ಲಿ ಒಂದೊಂದಾಗಿ ಬರುತ್ತವೆ. ಹೆಚ್ಚಿನವರು ಹದಿನಾರರ ಮಾನದಲ್ಲಿ ನೋಡುತ್ತಾರೆ; ನನಗೆ ದಶಮಾನವೇ ಓದಲು ಸಲೀಸು. ಕಂಪೈಲರ್ ಇಟ್ಟ 0.1 ಎಂಬ ಲಾಂಗ್ ಡಬಲ್ ಹೀಗಿರಬೇಕು:

205 204 204 204 204 204 204 204 251 63

ನಮ್ಮ ಡಿಬಗ್ಗರ್ ರಚನೆಯನ್ನು ಮುಟ್ಟಿದ ಮೇಲೆ ಅದೇ ಜಾಗದಲ್ಲಿ ಕಂಡದ್ದು:

0 208 204 204 204 204 204 204 251 63

ಎಕ್ಸ್87 (ಇಂಟೆಲ್ ಬಗೆಯ ಪ್ರೊಸೆಸರುಗಳಲ್ಲಿ ದಶಮಾಂಶದ ಲೆಕ್ಕ ಮಾಡುವ ಭಾಗ) ಪದ್ಧತಿಯಲ್ಲಿ ಕೊನೆಯ ಎರಡು ಬೈಟುಗಳಲ್ಲಿ 1 ಬಿಟ್ ಚಿಹ್ನೆ, 15 ಬಿಟ್ ಘಾತ (2ರ ಎಷ್ಟನೆಯ ಘಾತ ಎಂಬುದು); ಮೊದಲ ಎಂಟು ಬೈಟುಗಳು 64 ಬಿಟ್ಟಿನ ಮ್ಯಾಂಟಿಸಾ (ಸಂಖ್ಯೆಯ ಅಂಕಿಗಳು), ಕೆಳಗಿನ ಬೈಟ್ ಮೊದಲು. ಇಲ್ಲಿ 63ನ್ನು 256ರಿಂದ ಗುಣಿಸಿ 251 ಕೂಡಿಸಿದರೆ 16379. ಅದರಿಂದ ಬಯಾಸ್ (ಋಣ ಘಾತಗಳನ್ನೂ ಬರೆಯಲೆಂದು ಮೊದಲೇ ಕೂಡಿಸಿಟ್ಟ ಸಂಖ್ಯೆ) ಆದ 16383ನ್ನು ಕಳೆದರೆ ಘಾತ −4. ಮ್ಯಾಂಟಿಸಾವನ್ನು ಪೂರ್ಣಾಂಕವೆಂದು ಓದಿದರೆ ಮೊದಲ ಸಾಲಿನದು 14757395258967641293, ಎರಡನೆಯ ಸಾಲಿನದು 14757395258967642112. ವ್ಯತ್ಯಾಸ 819, ಅದನ್ನು 2⁻⁶⁷ರಿಂದ (ಘಾತ −4, ಅದರಿಂದ ಮ್ಯಾಂಟಿಸಾದ ಬಿಂದುವಿನ ನಂತರದ 63 ಬಿಟ್ ಕಳೆದದ್ದು) ಗುಣಿಸಿದರೆ ಸುಮಾರು 5.55 × 10⁻¹⁸. ಡಬಲ್ ಎಂಬುದು 0.1ನ್ನು ಹಿಡಿದಿಡುವಾಗ ಮಾಡುವ ತಪ್ಪಿನ ಪ್ರಮಾಣ ಇದೇ.

ಈ ಎರಡನೆಯ ಸಾಲಿನ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳಿ. ಡಬಲ್‌ಗೆ ಇರುವುದು 53 ಬಿಟ್ಟಿನ ನಿಖರತೆ, ಆದುದರಿಂದ ಡಬಲ್ ಮೂಲಕ ಹಾದು ಬಂದ ಯಾವುದೇ ಮಾಮೂಲಿ ಸಂಖ್ಯೆಯ ಮ್ಯಾಂಟಿಸಾದಲ್ಲಿ ಕೆಳಗಿನ 11 ಬಿಟ್‌ಗಳು ಸೊನ್ನೆಯಾಗಿರುತ್ತವೆ: ಮೊದಲ ಬೈಟ್ 0, ಎರಡನೆಯದು 8ರ ಗುಣಕ. 0.5 ಅಥವಾ 3ರಂಥ ಸರಳ ಸಂಖ್ಯೆಗಳಲ್ಲಿ ಇದು ಸಹಜವಾಗಿಯೇ ಇರುವುದರಿಂದ ಅವುಗಳನ್ನು ಪರೀಕ್ಷೆಗೆ ಆರಿಸಿಕೊಳ್ಳಬಾರದು. ನಾವು ಬಹುಕಾಲ 1.5ನ್ನೇ ಹಿಡಿದುಕೊಂಡು ಪರೀಕ್ಷಿಸುತ್ತ "ಎಲ್ಲ ಸರಿಯಿದೆ" ಎಂದುಕೊಂಡಿದ್ದೆವು.

ವರ್ಷದ ಕೊನೆಗೆ ಈ ಹೆಜ್ಜೆಯೊಂದರಿಂದಲೇ ಕೂಡಿಬರುವ ತಪ್ಪು ಎರಡು ನ್ಯಾನೋಸೆಕೆಂಡಿಗೂ ಕಡಿಮೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಅದರಿಂದ ಯಾರ ದೋಣಿಯೂ ಮರಳದಿಬ್ಬಕ್ಕೆ ಹತ್ತುವುದಿಲ್ಲ. ಆದರೆ ತಾನು ನೋಡುತ್ತಿರುವ ಪ್ರೋಗ್ರಾಮನ್ನು ಬದಲಿಸುವ ಡಿಬಗ್ಗರಿನಿಂದ ಯಾವ ದೋಷವನ್ನು ಹುಡುಕುವುದು?

ಹದಿನಾರು ಬೈಟ್ ಎಂದ ಮಾತ್ರಕ್ಕೆ ಯಾವ ಸಂಖ್ಯೆ ಎಂದು ತಿಳಿಯುವುದಿಲ್ಲ

ಡಿಬಗ್ಗರಿಗಾಗಿ ಕಂಪೈಲರ್ ಬರೆದಿಡುವ ಡ್ವಾರ್ಫ್ ಎಂಬ ಮಾಹಿತಿಯಲ್ಲಿ ಲಾಂಗ್ ಡಬಲ್‌ನ ಬಗ್ಗೆ ಇರುವುದು ಮೂರೇ ವಿಷಯ: ಹೆಸರು, ಫ್ಲೋಟ್ ಎಂಬ ಎನ್‌ಕೋಡಿಂಗ್, ಮತ್ತು ಗಾತ್ರ. ಎಕ್ಸ್86-64 ಲಿನಕ್ಸಿನಲ್ಲಿ ಗಾತ್ರ 16 ಬೈಟ್, ಅದರಲ್ಲಿ ಅರ್ಥವಿರುವುದು 10ಕ್ಕೆ ಮಾತ್ರ, ಉಳಿದ 6 ಬರಿಯ ಭರ್ತಿ. ಅದೇ ಪ್ರೊಸೆಸರಿನ 32 ಬಿಟ್ ಪ್ರೋಗ್ರಾಮಿನಲ್ಲಿ ಗಾತ್ರ 12, ಭರ್ತಿ 2. ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಲಾಂಗ್ ಡಬಲ್ ಎಂದರೆ 8 ಬೈಟಿನ ಡಬಲ್ಲೇ. 64 ಬಿಟ್ ಎಆರ್‌ಎಂ ಲಿನಕ್ಸಿನಲ್ಲಿ ಅದು 128 ಬಿಟ್ಟಿನ ಬೇರೆಯೇ ಪದ್ಧತಿ, ಆಪಲ್‌ನ ಎಆರ್‌ಎಂ ಯಂತ್ರಗಳಲ್ಲಿ ಮತ್ತೆ 64 ಬಿಟ್. ಹೀಗಿರುವಾಗ ಡಿಬಗ್ಗರ್ ಓಡುವ ಯಂತ್ರದ ಲಾಂಗ್ ಡಬಲ್‌ಗೂ ಡಿಬಗ್ಗರ್ ನೋಡುವ ಯಂತ್ರದ ಲಾಂಗ್ ಡಬಲ್‌ಗೂ ಹೆಸರಿನ ಹೊರತು ಯಾವ ನಂಟೂ ಇಲ್ಲ ಎಂದೇ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಒಬ್ಬ, ಡಬಲ್ ಎಂದಿದ್ದ ಕಡೆಯೆಲ್ಲ ಲಾಂಗ್ ಡಬಲ್ ಎಂದು ಬದಲಿಸಿ ಒಂದೇ ಸಂಜೆಯಲ್ಲಿ ಕೆಲಸ ಮುಗಿಸಿದೆನೆಂದು ಹೇಳಿದ್ದ. ಬೈಟುಗಳ ಜೋಡಣೆಯೇ ಬೇರೆಯಾದ್ದರಿಂದ ಮಾರನೆಯ ಬೆಳಿಗ್ಗೆ 0.1ರ ಜಾಗದಲ್ಲಿ ಅರ್ಥವಿಲ್ಲದ ಸಂಖ್ಯೆಗಳು ಕುಳಿತಿದ್ದವು.

ಇನ್ನೊಂದು ಹೊಂಡ ಇಲ್ಲಿಯೇ ಇದೆ. ಅದೇ ಎಕ್ಸ್86-64ರಲ್ಲಿ ಜಿಸಿಸಿ ಕಂಪೈಲರ್ ಒದಗಿಸುವ ಫ್ಲೋಟ್128 ಎಂಬ ಪ್ರಕಾರವೂ 16 ಬೈಟಿನದೇ, ಎನ್‌ಕೋಡಿಂಗ್ ಕೂಡ ಫ್ಲೋಟ್ ಎಂದೇ. ಆದರೆ ಅಲ್ಲಿ ಹದಿನಾರು ಬೈಟುಗಳೂ ಸಂಖ್ಯೆಯೇ, ಭರ್ತಿ ಇಲ್ಲ. ಗಾತ್ರ ಮತ್ತು ಎನ್‌ಕೋಡಿಂಗ್ ಎರಡೂ ಒಂದೇ ಆದಾಗ ಬೇರ್ಪಡಿಸಲು ಉಳಿಯುವುದು ಪ್ರಕಾರದ ಹೆಸರು ಮಾತ್ರ, ಜಿಡಿಬಿ ಕೂಡ ಹೆಸರನ್ನೇ ನೋಡುತ್ತದೆ. ಇದು ಚಂದದ ಉಪಾಯವಲ್ಲ, ಆದರೂ ಮಾಡಬೇಕು: ಆರ್ಕಿಟೆಕ್ಚರ್, ಗಾತ್ರ, ಹೆಸರು ಈ ಮೂರನ್ನೂ ತೆಗೆದುಕೊಂಡು ಒಂದು ಪದ್ಧತಿಯ ವಿವರವನ್ನು ಹಿಂದಿರುಗಿಸುವ ಒಂದೇ ಒಂದು ಫಂಕ್ಷನ್ ಬರೆಯಿರಿ, ಮತ್ತು ಇಡೀ ಡಿಬಗ್ಗರಿನಲ್ಲಿ ಬೇರೆಲ್ಲಿಯೂ ಗಾತ್ರವನ್ನು ನೋಡಿ ಪದ್ಧತಿಯನ್ನು ಊಹಿಸದಂತೆ ನೋಡಿಕೊಳ್ಳಿ. ಆ ವಿವರದಲ್ಲಿ ಬೈಟುಗಳ ಕ್ರಮ, ಚಿಹ್ನೆಯ ಸ್ಥಾನ, ಘಾತದ ಆರಂಭ ಮತ್ತು ಉದ್ದ, ಬಯಾಸ್, ಮ್ಯಾಂಟಿಸಾದ ಆರಂಭ ಮತ್ತು ಉದ್ದ, ಪೂರ್ಣಾಂಕ ಬಿಟ್ (ಮ್ಯಾಂಟಿಸಾದ ಮುಂದಿನ 1) ಬರೆದಿದೆಯೋ ಇಲ್ಲವೋ ಎಂಬುದು, ಭರ್ತಿ ಎಷ್ಟು ಎಂಬುದು ಇರಬೇಕು.

ಮೌಲ್ಯವೆಂದರೆ ಬೈಟುಗಳು

ನಿಜವಾದ ದುರಸ್ತಿ ಇದು, ಮಿಕ್ಕದ್ದೆಲ್ಲ ಇದರ ಬಾಲ. ಡಿಬಗ್ಗರಿನೊಳಗೆ ಮೌಲ್ಯವನ್ನು ಪ್ರತಿನಿಧಿಸುವ ವಸ್ತು, ಆಚೆಯ ಯಂತ್ರದಿಂದ ಬಂದ ಬೈಟುಗಳನ್ನೂ ಅವುಗಳ ಪ್ರಕಾರವನ್ನೂ ಮಾತ್ರ ಇಟ್ಟುಕೊಳ್ಳಬೇಕು. ಅದರಲ್ಲಿ ಡಬಲ್ ಎಂಬ ಅಂಶವೇ ಇರಕೂಡದು. ಬಳಕೆದಾರನಿಗೆ ತೋರಿಸುವಾಗ, ಅವನು ಟೈಪ್ ಮಾಡಿದ್ದನ್ನು ಓದುವಾಗ, ಅಥವಾ ಲೆಕ್ಕ ಮಾಡು ಎಂದು ಅವನೇ ಕೇಳಿದಾಗ, ಈ ಮೂರು ಬಾಗಿಲುಗಳಲ್ಲಿ ಮಾತ್ರ ಬೈಟುಗಳು ಸಂಖ್ಯೆಯಾಗಬೇಕು ಅಥವಾ ಸಂಖ್ಯೆ ಬೈಟುಗಳಾಗಬೇಕು. ನಕಲು ಮಾಡುವುದು, ಹಳೆಯ ಮೌಲ್ಯವನ್ನು ನೆನಪಿಡುವುದು, ರಚನೆಯಲ್ಲಿ ಪಕ್ಕದ ಅಂಶವನ್ನು ತಿದ್ದುವುದು, ಇವು ಯಾವುವೂ ಆ ಬಾಗಿಲುಗಳ ಬಳಿಗೂ ಹೋಗಬಾರದು.

ಇದನ್ನು ಮಾಡುವ ಅತಿ ಸುಲಭ ವಿಧಾನ, ಹಳೆಯ ಡಬಲ್ ಅಂಶವನ್ನು ಕೋಡಿನಿಂದ ಅಳಿಸಿಹಾಕಿ ಕಂಪೈಲರ್ ಎಲ್ಲೆಲ್ಲಿ ಕೂಗುತ್ತದೆ ಎಂದು ನೋಡುವುದು. ನಮ್ಮಲ್ಲಿ ನಲವತ್ತಕ್ಕೂ ಹೆಚ್ಚು ಕಡೆ ಕೂಗಿತು. ಶಿರಸಿಯಲ್ಲಿ ಕುಳಿತು ಅದನ್ನು ತಿದ್ದುತ್ತಿದ್ದವನಿಗೆ ಆ ವಾರ ದಿನಕ್ಕೆ ಎರಡು ಸಲ ಕರೆಂಟ್ ಹೋಗುತ್ತಿತ್ತು, ಆದ್ದರಿಂದ ಒಂದೊಂದು ತಿದ್ದುಪಡಿಯೂ ಬೇರೆ ಬೇರೆ ಕಮಿಟ್ ಆಗಿ ಉಳಿದದ್ದು ಆಮೇಲೆ ಬಹಳ ಉಪಕಾರಕ್ಕೆ ಬಂತು.

ಬೈಟುಗಳನ್ನು ವಾಪಸು ಬರೆಯುವಾಗ ಭರ್ತಿಯ ಆರು ಬೈಟುಗಳನ್ನು ಮುಟ್ಟದಿರಿ. ಅವುಗಳಿಗೆ ಬೆಲೆಯಿಲ್ಲ ಎನ್ನುವುದು ಲಾಂಗ್ ಡಬಲ್ ದೃಷ್ಟಿಯಿಂದ ಮಾತ್ರ ನಿಜ. ಯೂನಿಯನ್ ಒಂದರೊಳಗೆ ಅದೇ ಜಾಗವನ್ನು ಇನ್ನೊಂದು ಅಂಶ ಬಳಸುತ್ತಿರಬಹುದು. ಹಾಗೆಯೇ ಎರಡು ಮೌಲ್ಯಗಳು ಒಂದೇ ಬಿಟ್‌ಗಳೋ ಎಂದು ಹೋಲಿಸುವಾಗ 16 ಬೈಟುಗಳನ್ನಲ್ಲ, 10ನ್ನು ಹೋಲಿಸಬೇಕು. ವಾಚ್‌ಪಾಯಿಂಟ್ (ಬೈಟು ಬದಲಾದರೆ ಪ್ರೋಗ್ರಾಮನ್ನು ನಿಲ್ಲಿಸುವ ಕಾವಲು) ಇಡುವಾಗಲೂ ಇದೇ ಲೆಕ್ಕ: ಎಕ್ಸ್86-64ರ ನಾಲ್ಕು ಡಿಬಗ್ ರಿಜಿಸ್ಟರುಗಳಲ್ಲಿ ಒಂದೊಂದು ಗರಿಷ್ಠ 8 ಬೈಟುಗಳನ್ನು ಕಾಯಬಲ್ಲದು, ಆದ್ದರಿಂದ ಒಂದನ್ನು 8ಕ್ಕೂ ಇನ್ನೊಂದನ್ನು 2ಕ್ಕೂ ಹೂಡಿ. ಎರಡನ್ನೂ 8 ಮಾಡಿದರೆ, ಪ್ರೋಗ್ರಾಂ ಇಡೀ ರಚನೆಯನ್ನು ನಕಲು ಮಾಡಿದಾಗ ಭರ್ತಿ ಬದಲಾಗಿ, ಸಂಖ್ಯೆ ಬದಲಾಗದಿದ್ದರೂ ಸುಮ್ಮನೆ ನಿಲ್ಲುತ್ತದೆ.

ಬಿಚ್ಚುವಾಗ ಪೂರ್ಣಾಂಕ ಬಿಟ್ಟಿನ ಮೇಲೆ ಕಣ್ಣಿರಲಿ

ಫ್ಲೋಟ್ ಮತ್ತು ಡಬಲ್ ಪದ್ಧತಿಗಳಲ್ಲಿ ಮ್ಯಾಂಟಿಸಾದ ಮುಂದಿನ 1 ಎಂಬ ಬಿಟ್ಟನ್ನು, ಅಂದರೆ ಪೂರ್ಣಾಂಕ ಬಿಟ್ಟನ್ನು, ಬರೆಯುವುದಿಲ್ಲ, ಅದು ಇದೆಯೆಂದು ಭಾವಿಸಿಕೊಳ್ಳಬೇಕು. 1980ರಲ್ಲಿ ಬಂದ ಇಂಟೆಲ್ 8087 ಚಿಪ್‌ನಿಂದ ಸಾಗಿಬಂದಿರುವ ಈ ಹತ್ತು ಬೈಟಿನ ಪದ್ಧತಿಯಲ್ಲಿ ಆ ಬಿಟ್ ಕಣ್ಣಿಗೆ ಕಾಣುವಂತೆ ಬರೆದಿರುತ್ತದೆ. ಬರೆದಿರುವುದರಿಂದಲೇ ಅದು ಇರಬೇಕಾದ ಕಡೆ ಇಲ್ಲದಿರುವ, ಇರಬಾರದ ಕಡೆ ಇರುವ ಸಾಧ್ಯತೆ ಹುಟ್ಟುತ್ತದೆ, ಮತ್ತು ಡಿಬಗ್ಗರ್ ಅಡ್ಡಬೀಳುವುದು ಅಲ್ಲಿಯೇ, ಏಕೆಂದರೆ ಇನಿಷಿಯಲೈಸ್ ಆಗದ ಮೆಮೊರಿಯನ್ನು ನೋಡುವುದು ಅದರ ದಿನನಿತ್ಯದ ಕೆಲಸ.

ಬರೆದಿರುವ ಘಾತ (ಬಯಾಸ್ ಕಳೆಯುವ ಮುನ್ನಿನದು) 0 ಅಲ್ಲ, 32767 ಕೂಡ ಅಲ್ಲ, ಪೂರ್ಣಾಂಕ ಬಿಟ್ 1 ಎಂದಾದರೆ ಮಾಮೂಲಿ ಸಂಖ್ಯೆ. ಮ್ಯಾಂಟಿಸಾವನ್ನು ಪೂರ್ಣಾಂಕವಾಗಿ ಓದಿ, ಘಾತದಿಂದ 16383 ಮತ್ತು 63 ಎರಡನ್ನೂ ಕಳೆದು, 2ರ ಅಷ್ಟು ಘಾತದಿಂದ ಗುಣಿಸಿದರೆ ಮೌಲ್ಯ. ಅದೇ ಘಾತಕ್ಕೆ ಪೂರ್ಣಾಂಕ ಬಿಟ್ 0 ಆಗಿದ್ದರೆ ಅದು ಅನ್‌ನಾರ್ಮಲ್; 80387 ಮತ್ತು ನಂತರದ ಪ್ರೊಸೆಸರುಗಳು ಅದನ್ನು ಅಮಾನ್ಯವೆಂದು ತಳ್ಳಿಹಾಕುತ್ತವೆ, ಡಿಬಗ್ಗರ್ ಕೂಡ ಅದಕ್ಕೊಂದು ಸಂಖ್ಯೆ ಕಟ್ಟಿಕೊಡದೆ, "ಅಮಾನ್ಯ" ಎಂದು ಹೇಳಿ ಹತ್ತು ಬೈಟುಗಳನ್ನು ಪಕ್ಕದಲ್ಲಿ ತೋರಿಸಬೇಕು. ಘಾತ 32767 ಆಗಿ ಪೂರ್ಣಾಂಕ ಬಿಟ್ 1 ಇದ್ದರೆ, ಉಳಿದ 63 ಬಿಟ್‌ಗಳೂ ಸೊನ್ನೆಯಾದಾಗ ಅನಂತ, ಇಲ್ಲದಿದ್ದರೆ ನ್ಯಾನ್ (ಸಂಖ್ಯೆಯೇ ಅಲ್ಲದ್ದು). ಬಿಟ್ 0 ಇದ್ದರೆ ಹುಸಿ ಅನಂತ ಅಥವಾ ಹುಸಿ ನ್ಯಾನ್, ಎರಡೂ ಅಮಾನ್ಯ.

ಘಾತ 0 ಇದ್ದಾಗ ಅದನ್ನು 1 ಎಂದೇ ಎಣಿಸಬೇಕು, ಅಂದರೆ ಗುಣಕ 2⁻¹⁶⁴⁴⁵. ನಾವು ಇಲ್ಲಿ ಒಂದನ್ನು ಮರೆತು, ಸೊನ್ನೆಗೆ ತೀರ ಹತ್ತಿರದ ಇಂಥ ಸಂಖ್ಯೆಗಳಾದ ಎಲ್ಲ ಡಿನಾರ್ಮಲ್‌ಗಳನ್ನೂ ಅರ್ಧಕ್ಕೆ ಇಳಿಸಿದ್ದೆವು. ಘಾತ 0 ಇದ್ದೂ ಪೂರ್ಣಾಂಕ ಬಿಟ್ 1 ಆಗಿದ್ದರೆ ಅದು ಹುಸಿ ಡಿನಾರ್ಮಲ್. ಪ್ರೊಸೆಸರ್ ಅದನ್ನು ಒಪ್ಪಿಕೊಂಡು ಲೆಕ್ಕ ಮಾಡುತ್ತದೆ, ಆದುದರಿಂದ ಅದರ ಸಂಖ್ಯೆಯನ್ನು ತೋರಿಸಿ ಪಕ್ಕದಲ್ಲಿ ಒಂದು ಗುರುತು ಹಾಕುವುದು ಸರಿ ಎಂದು ನನ್ನ ಅಭಿಪ್ರಾಯ. ಎಲ್ಲ ಅಸಹಜ ರೂಪಗಳನ್ನೂ ಒಂದೇ "ಅಮಾನ್ಯ" ಎಂಬ ಮೂಟೆಗೆ ಕಟ್ಟಿದರೆ, ಹಾರ್ಡ್‌ವೇರ್ ನಡೆಸಿಕೊಡುತ್ತಿರುವ ಮೌಲ್ಯವನ್ನು ಡಿಬಗ್ಗರ್ ಇಲ್ಲವೆಂದಂತಾಗುತ್ತದೆ.

ದಶಮಾನಕ್ಕೆ ಇಳಿಸುವುದು, ದಶಮಾನದಿಂದ ಏರಿಸುವುದು

ಎಷ್ಟು ಅಂಕಿ ತೋರಿಸಬೇಕು ಎಂಬುದಕ್ಕೆ ಲೆಕ್ಕವಿದೆ: ನಿಖರತೆಯ ಬಿಟ್‌ಗಳನ್ನು 0.30103ರಿಂದ ಗುಣಿಸಿ, 1 ಕೂಡಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕು. ಡಬಲ್‌ಗೆ 17, ಹತ್ತು ಬೈಟಿನ ಸಂಖ್ಯೆಗೆ 21, 128 ಬಿಟ್ಟಿನದಕ್ಕೆ 36. ಅಷ್ಟು ಅಂಕಿಗಳಿದ್ದರೆ ಪರದೆಯಿಂದ ನಕಲು ಮಾಡಿದ ಸಂಖ್ಯೆಯನ್ನು ಮತ್ತೆ ಟೈಪ್ ಮಾಡಿದಾಗ ಅವೇ ಬಿಟ್‌ಗಳು ಬರುತ್ತವೆ. ನಮ್ಮ ಹೆಜ್ಜೆಯ ಮೌಲ್ಯ 17 ಅಂಕಿಗಳ ಹಳೆಯ ಪರದೆಯಲ್ಲಿ 0.10000000000000001 ಎಂದಿತ್ತು, ಈಗ 0.100000000000000000001 ಎಂದು ಕಾಣುತ್ತದೆ. ಕೊನೆಯ ಆ 1 ಕಸವಲ್ಲ. ಮೇಲೆ ಹೇಳಿದ 14757395258967641293ನ್ನು 2⁶⁷, ಅಂದರೆ 147573952589676412928ರಿಂದ ಭಾಗಿಸಿ ನೋಡಿದರೆ ಅದು ಎಲ್ಲಿಂದ ಬಂತೆಂದು ಕಾಣುತ್ತದೆ.

ಪರಿವರ್ತನೆಗೆ, ಬೇಕಾದಷ್ಟು ಬಿಟ್ ನಿಖರತೆಯಲ್ಲಿ ಲೆಕ್ಕ ಮಾಡುವ ಎಂಪಿಎಫ್‌ಆರ್ ಲೈಬ್ರರಿಯನ್ನು ಬಳಸುವುದು ಜಾಣತನ. ಜಿಡಿಬಿ ಮಾಡುವುದೂ ಹಾಗೆಯೇ. ಸ್ವಂತವಾಗಿ ಬರೆಯಲೇಬೇಕೆಂದರೆ ಬಿಗ್ ಇಂಟಿಜರ್ (ಎಷ್ಟು ದೊಡ್ಡದೂ ಆಗಬಲ್ಲ ಪೂರ್ಣಾಂಕ) ಸಾಕು: ಈ ಪದ್ಧತಿಯ ಅತಿ ದೊಡ್ಡ ಸಂಖ್ಯೆ 2¹⁶³⁸⁴ಕ್ಕಿಂತ ತುಸು ಕಡಿಮೆ, ಅದು ಹಿಡಿಸಲು 2 ಕಿಲೋಬೈಟ್ ಸಾಕಾಗುತ್ತದೆ.

ಬಳಕೆದಾರ ಟೈಪ್ ಮಾಡಿದ್ದನ್ನು ಓದುವಾಗ ಎಚ್ಚರ ಹೆಚ್ಚು ಬೇಕು. "0.1" ಎಂಬ ಅಕ್ಷರಗಳನ್ನು ಮೊದಲು ಡಬಲ್ ಮಾಡಿ ನಂತರ ಹಿಗ್ಗಿಸಿದರೆ 0, 208 ಎಂದು ಶುರುವಾಗುವ ಅದೇ ಕೆಟ್ಟ ಬೈಟುಗಳು ಹಿಂಬಾಗಿಲಿನಿಂದ ಬರುತ್ತವೆ. ಎಆರ್‌ಎಂ ಯಂತ್ರದ 128 ಬಿಟ್ ರೂಪಕ್ಕೆ ತಂದು ಅಲ್ಲಿಂದ 64 ಬಿಟ್ಟಿಗೆ ಇಳಿಸಿದರೂ ಎರಡು ಸಲ ದುಂಡಗೆ ಮಾಡಿದಂತಾಗಿ, ಅಪರೂಪಕ್ಕೊಮ್ಮೆ ಕೊನೆಯ ಬಿಟ್ ತಪ್ಪುತ್ತದೆ. ಅಪರೂಪವಾದ್ದರಿಂದಲೇ ಅದು ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅಕ್ಷರಗಳಿಂದ ನೇರವಾಗಿ 64 ಬಿಟ್ ನಿಖರತೆಗೆ, ಸಮೀಪದ ಸಂಖ್ಯೆಗೆ, ಸರಿ ಅರ್ಧದಲ್ಲಿದ್ದರೆ ಸಮ ಮ್ಯಾಂಟಿಸಾದ ಕಡೆಗೆ, ಒಂದೇ ಸಲ ದುಂಡಗೆ ಮಾಡಬೇಕು. ಎಂಪಿಎಫ್‌ಆರ್‌ನ ಘಾತದ ವ್ಯಾಪ್ತಿ ತೀರ ದೊಡ್ಡದು, ಆದ್ದರಿಂದ ಡಿನಾರ್ಮಲ್‌ಗಳಿಗಾಗಿ ವ್ಯಾಪ್ತಿಯನ್ನು ಕಟ್ಟಿ, ಅದರ ಸಬ್‌ನಾರ್ಮಲೈಸ್ ಫಂಕ್ಷನ್ನನ್ನು ಕರೆಯುವುದನ್ನು ಮರೆಯಬೇಡಿ.

ಲೆಕ್ಕ ಮಾಡುವ ಬಾಗಿಲಿಗೂ ಇದೇ 64 ಬಿಟ್ ನಿಯಮ. ಆದರೆ ಪ್ರೋಗ್ರಾಂ ತಾನೇ ಎಕ್ಸ್87ರ ನಿಖರತೆಯನ್ನು ಇಳಿಸಿಕೊಂಡಿರಬಹುದು: ಆ ನಿಖರತೆಯನ್ನು ಹೇಳುವ ಕಂಟ್ರೋಲ್ ವರ್ಡ್ ಲಿನಕ್ಸಿನಲ್ಲಿ ಮೂಲತಃ 895 ಇರುತ್ತದೆ, ಅದು 64 ಬಿಟ್, 639 ಎಂದಿದ್ದರೆ 53 ಬಿಟ್. ಡಿಬಗ್ಗರಿನ ಉತ್ತರಕ್ಕೂ ಪ್ರೋಗ್ರಾಮಿನ ಉತ್ತರಕ್ಕೂ ಹೊಂದದಿದ್ದರೆ ಮೊದಲು ಅದನ್ನು ನೋಡಿ.

ರಿಜಿಸ್ಟರುಗಳ ಸರದಿ

ಮೆಮೊರಿ ಸರಿಯಾದ ಮೇಲೂ, ಎಕ್ಸ್87ರ ಎಂಟು ರಿಜಿಸ್ಟರುಗಳ ಸ್ಟ್ಯಾಕಿನಲ್ಲಿ ಎಲ್ಲಕ್ಕಿಂತ ಮೇಲಿನದಾದ ಎಸ್‌ಟಿ0 ರಿಜಿಸ್ಟರ್ ಖಾಲಿ ಎಂದೇ ನಮ್ಮ ಡಿಬಗ್ಗರ್ ಹೇಳುತ್ತಿತ್ತು. ಲಿನಕ್ಸಿನಲ್ಲಿ ಪಿಟ್ರೇಸ್ (ಇನ್ನೊಂದು ಪ್ರೋಗ್ರಾಮನ್ನು ನಿಯಂತ್ರಿಸಲು ಇರುವ ಸಿಸ್ಟಂ ಕರೆ) ಕೊಡುವುದು, ರಿಜಿಸ್ಟರುಗಳ ಸ್ಥಿತಿಯನ್ನು ಉಳಿಸಿಡುವ ಎಫ್‌ಎಕ್ಸ್‌ಸೇವ್ ರೂಪದ 512 ಬೈಟುಗಳು. ಅದರಲ್ಲಿ 2ನೆಯ ಬೈಟಿನಿಂದ ಸ್ಟೇಟಸ್ ವರ್ಡ್, 4ನೆಯ ಬೈಟಿನಲ್ಲಿ ಯಾವ ರಿಜಿಸ್ಟರ್ ತುಂಬಿದೆ ಎಂಬ ಟ್ಯಾಗ್, 32ನೆಯ ಬೈಟಿನಿಂದ ಎಂಟು ರಿಜಿಸ್ಟರುಗಳು, ಒಂದೊಂದಕ್ಕೆ 16 ಬೈಟಿನ ಜಾಗ. ಕೀಟಲೆ ಏನೆಂದರೆ, ರಿಜಿಸ್ಟರುಗಳು ಎಸ್‌ಟಿ0, ಎಸ್‌ಟಿ1 ಎಂಬ ಸ್ಟ್ಯಾಕ್ ಕ್ರಮದಲ್ಲಿವೆ, ಟ್ಯಾಗಿನ ಬಿಟ್‌ಗಳು ಮಾತ್ರ ಭೌತಿಕ ರಿಜಿಸ್ಟರುಗಳ ಕ್ರಮದಲ್ಲಿವೆ. ಖಾಲಿ ಸ್ಟ್ಯಾಕಿಗೆ ಒಂದೇ ಸಂಖ್ಯೆಯನ್ನು ತುಂಬಿದಾಗ ಟಾಪ್ (ಎಸ್‌ಟಿ0 ಯಾವ ಭೌತಿಕ ರಿಜಿಸ್ಟರಿನಲ್ಲಿದೆ ಎಂಬ ಸಂಖ್ಯೆ) 7 ಆಗಿ, ಟ್ಯಾಗ್ 128 ಆಗಿರುತ್ತದೆ. ನಾವು 0ನೆಯ ಬಿಟ್ಟನ್ನು ನೋಡಿ ಖಾಲಿ ಎನ್ನುತ್ತಿದ್ದೆವು. ಸ್ಟೇಟಸ್ ವರ್ಡಿನ 11ರಿಂದ 13ನೆಯ ಬಿಟ್‌ಗಳಲ್ಲಿರುವ ಟಾಪ್ ಅನ್ನು ತೆಗೆದು, ಅದಕ್ಕೆ ಎಸ್‌ಟಿಯ ಸಂಖ್ಯೆಯನ್ನು ಕೂಡಿಸಿ, 8ರಿಂದ ಭಾಗಿಸಿದಾಗ ಉಳಿಯುವ ಶೇಷದ ಬಿಟ್ಟನ್ನು ನೋಡಬೇಕು.

ಎಕ್ಸ್86-64 ಲಿನಕ್ಸಿನಲ್ಲಿ ಲಾಂಗ್ ಡಬಲ್ ಹಿಂದಿರುಗಿಸುವ ಫಂಕ್ಷನ್ ಅದನ್ನು ಎಸ್‌ಟಿ0ಯಲ್ಲಿ ಬಿಟ್ಟು ಹೋಗುತ್ತದೆ, ಡಬಲ್‌ನಂತೆ ಎಕ್ಸ್‌ಎಂಎಂ0ಯಲ್ಲಿ ಅಲ್ಲ. ಬಳಕೆದಾರ ಫಂಕ್ಷನ್ನನ್ನು ಅರ್ಧದಲ್ಲಿ ನಿಲ್ಲಿಸಿ ತನ್ನದೇ ಮೌಲ್ಯವನ್ನು ಹಿಂದಿರುಗಿಸು ಎಂದರೆ ಎಸ್‌ಟಿ0ಗೆ ಹತ್ತು ಬೈಟುಗಳನ್ನು ಬರೆದರೆ ಸಾಲದು. ಟಾಪ್ 7 ಮಾಡಿ, ಟ್ಯಾಗ್ 128 ಮಾಡಿ, ಕರೆದ ಫಂಕ್ಷನ್ ನಿರೀಕ್ಷಿಸುವ ಸ್ಥಿತಿಯನ್ನೇ ಕಟ್ಟಿಕೊಡಬೇಕು. ಹೊರಗಿನ ಫ್ರೇಮುಗಳಲ್ಲಿ (ಈಗಿನದನ್ನು ಕರೆದ ಫಂಕ್ಷನ್‌ಗಳ ಸ್ಥಿತಿಯಲ್ಲಿ) ಈ ರಿಜಿಸ್ಟರುಗಳ ಹಳೆಯ ಮೌಲ್ಯವನ್ನು ಯಾರೂ ಉಳಿಸಿರುವುದಿಲ್ಲ, ಅಲ್ಲಿ ಈಗಿನದನ್ನು ತೋರಿಸದೆ "ಉಳಿಸಿಲ್ಲ" ಎನ್ನಿ.

ಪರೀಕ್ಷೆಗೆ ಇಡಬೇಕಾದ ಬೈಟುಗಳು

ಕೆಳಗಿನವುಗಳಲ್ಲಿ ಅರ್ಥವುಳ್ಳ ಸಂಖ್ಯೆಗಳನ್ನು ಓದಿ, ತೋರಿಸಿದ್ದನ್ನೇ ಟೈಪ್ ಮಾಡಿ ವಾಪಸು ಬರೆದು ಹೋಲಿಸಿ. ಅಮಾನ್ಯವಾದವನ್ನೂ ಹುಸಿಯಾದವನ್ನೂ ನಕಲು ಮಾತ್ರ ಮಾಡಿ ಹೋಲಿಸಿ.

205, ಏಳು ಸಲ 204, 251, 63: ನಮ್ಮ 0.1.
1, ಆರು ಸಲ 0, 128, 62, 64: 9223372036854775809. ಎಲ್ಲೋ ಡಬಲ್ ಉಳಿದಿದ್ದರೆ ಕೊನೆಯ ಅಂಕಿ 8 ಆಗುತ್ತದೆ.
ಎಂಟು ಸಲ 255, 254, 127: 1.18973149535723176502 × 10⁴⁹³². ಡಬಲ್ ಇದ್ದರೆ ಇದು ಅನಂತ.
1, ಒಂಬತ್ತು ಸಲ 0: 3.64519953188247460253 × 10⁻⁴⁹⁵¹. ಡಬಲ್ ಇದ್ದರೆ ಸೊನ್ನೆ.
ಏಳು ಸಲ 0, 128, 1, 0 ಮತ್ತು ಏಳು ಸಲ 0, 128, 0, 0: ಎರಡೂ 3.36210314311209350626 × 10⁻⁴⁹³², ಎರಡನೆಯದು ಹುಸಿ ಡಿನಾರ್ಮಲ್ ಗುರುತಿನೊಡನೆ.
ಏಳು ಸಲ 0, 64, 255, 63: ಅಮಾನ್ಯ.
ಎಂಟು ಸಲ 0, 255, 127: ಹುಸಿ ಅನಂತ, ಅಮಾನ್ಯ.

ಇವೆಲ್ಲ ಸರಿಯಾದ ಮೇಲೆ ಭರತಿಯ ಪ್ರೋಗ್ರಾಮಿಗೆ ಮರಳಿ, ಮೊದಲು ನಿಲ್ಲಿಸಿದ್ದ ಸಾಲಿನಲ್ಲಿಯೇ ನಿಲ್ಲಿಸಿ, ಅಲೆಯ ಹೆಸರನ್ನು ತಿದ್ದಿ, ಹೆಜ್ಜೆಯ ಹತ್ತು ಬೈಟುಗಳನ್ನು ಮತ್ತೆ ತೆರೆದು ನೋಡಿದೆ. ಮೊದಲ ಬೈಟ್ 205 ಇತ್ತು. ಓಡಿಸಿದಾಗ 87,600 ಸಾಲುಗಳೂ ಹಳೆಯ ಫಲಿತಾಂಶಕ್ಕೆ ಬಿಟ್ ಬಿಟ್ ಹೊಂದಿದವು.